ಮೈನಸ್ ಏಳರ ಕಾವಲು

ಮೋಸೆಲ್ ನದಿಯ ದಂಡೆ,
೨೪ ಜನವರಿ ೧೯೯೦

ಪ್ರೀತಿಯ ರೈನ್‌ಹಿಲ್ಡ್,

ನಿನ್ನ ಕಾಗದ ಕೈಸೇರಿ ಎಂಟು ದಿನವಾಯಿತು. ನಾನು ಫೆಬ್ರವರಿ ಎರಡರೊಳಗೆ ವುರ್ಟ್ಸ್‌ಬುರ್ಗ್‌ಗೆ ಬರದಿದ್ದರೆ ಇನ್ನು ಕಾಯುವುದಿಲ್ಲ ಎಂದು ಬರೆದಿದ್ದೀಯ. ಹಿಂದೆಲ್ಲ ಆಳುಗಳು ಹಳೇ ಧಣಿಯನ್ನು ಬಿಟ್ಟು ಹೊಸಬನ ಮನೆಗೆ ಹೋಗುತ್ತಿದ್ದ ದಿನವನ್ನೇ ಗೊತ್ತು ಮಾಡಿದ್ದೀಯಲ್ಲ, ಎಷ್ಟಾದರೂ ನಿನ್ನಪ್ಪನ ಮಗಳು.

ಕೊಟ್ಟ ಮಾತನ್ನು ನಾನು ಮರೆತಿಲ್ಲ. ಹಿಮದ ಕೊಯ್ಲು ಮುಗಿದ ದಿನವೇ ಹೊರಟು ಬಂದು, ನೀನು ಅಡುಗೆ ಮಾಡುವ ಹೋಟೆಲಿನ ವೈನ್ ಮಾಳಿಗೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಿದ್ದೆ. ಆದರೆ ಹಣ್ಣು ಹಿಮಗಟ್ಟಬೇಕಲ್ಲ! ಮೇಲಿನ ತೋಟದಲ್ಲಿ ನಾಲ್ಕು ಸಾಲು ರೀಸ್ಲಿಂಗ್ ದ್ರಾಕ್ಷಿಯ ಗೊಂಚಲುಗಳನ್ನು ಮಾವ ಕೊಯ್ಯದೆ, ಹಕ್ಕಿಗಳಿಗೆ ಬಲೆ ಕಟ್ಟಿ ಬಿಟ್ಟುಕೊಂಡಿದ್ದಾರೆ. ಚಳಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿಳಿದು ಹಣ್ಣು ಬಳ್ಳಿಯಲ್ಲೇ ಗೋಲಿಯಂತೆ ಗಟ್ಟಿಯಾಗಬೇಕು, ಬಿಸಿಲೇರುವ ಮೊದಲೇ ಕಿತ್ತು ಹಿಂಡಬೇಕು, ಆಗಲೇ ಅದು ಹಿಮದ ವೈನ್. ಈ ವರ್ಷ ಚಳಿ ಐದಕ್ಕೆ ಬಂದು ನಿಂತುಬಿಡುತ್ತದೆ. ಬೆಳಗಾಗುವ ಮುನ್ನ ಒಂದು ದಿನ ಮಾವ, ಒಂದು ದಿನ ನಾನು ಮೇಲೆ ಹತ್ತಿ ಥರ್ಮಾಮೀಟರ್ ನೋಡಿ ಬರುತ್ತೇವೆ. ಊರು ಬಿಟ್ಟು ಕದಲುವಂತಿಲ್ಲ. ಹಲ್ಲುನೋವಿಗೆ ಟ್ರಿಯರ್‌ವರೆಗೂ ಹೋಗಲಾಗದೆ ಲವಂಗ ಕಚ್ಚಿಕೊಂಡು ಕೂತಿದ್ದೇನೆ.

ಊಟಕ್ಕೆ ಕೂತಾಗ ಮಾವ ನಿನ್ನ ಸುದ್ದಿ ಎತ್ತುವುದಿಲ್ಲ, ನೀನೀಗ ಇರುವ ಊರಿನ ಸಿಲ್ವಾನರ್ ದ್ರಾಕ್ಷಿಯನ್ನು ಬೈಯುತ್ತಾರೆ. ಬಿಳಿ ಆಸ್ಪ್ಯಾರಗಸ್ ದಂಟಿನ ಜೊತೆ ನಿಮ್ಮ ಹೋಟೆಲಿನಲ್ಲಿ ಅದರ ವೈನ್ ಕೊಡುತ್ತೀರೆಂದು ಕೇಳಿ, “ಬೇಯ್ಸಿದ್ ದಂಟಿಗೆ ಬೇಯ್ಸಿದ್ ನೀರು, ಒಳ್ಳೇ ಜೋಡಿ!” ಎಂದರು. ನಾನು ಸುಮ್ಮನಿರಬಹುದಿತ್ತು. “ಅದು ಸುಣ್ಣಕಲ್ಲಿನ ನೆಲದ್ದು ಮಾವ, ಹಸಿ ಹುಲ್ಲಿನ ವಾಸ್ನೆ, ಪೇರ್ ಹಣ್ಣಿನ ರುಚಿ. ಪಾಪ, ದಂಟಿನ ಮೇಲೆ ಸವಾರಿ ಮಾಡಲ್ಲ” ಎಂದೆ. “ಸವಾರಿ ಮಾಡ್ದೇ ಇದ್ರೆ ಅದು ವೈನೂ ಅಲ್ಲ, ಗಂಡ್ಸೂ ಅಲ್ಲ” ಎಂದು ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನಿಗೆ ನಮ್ಮ ಸ್ಲೇಟುಕಲ್ಲಿನ ಇಳಿಜಾರಿನ ರೀಸ್ಲಿಂಗನ್ನು ತಾವೇ ಬಗ್ಗಿಸಿದರು. ಹುಳಿಸೇಬಿನ ಆ ಚುರುಕು ಬೆಣ್ಣೆಯ ಜಿಡ್ಡನ್ನೆಲ್ಲ ತೊಳೆದುಬಿಟ್ಟಿತು. ಬಾಯಿ ಮುಚ್ಚಿಕೊಂಡು ಕುಡಿದೆ. ಮದುವೆಯಾಗಿ ಈ ಮನೆಗೆ ಬಂದ ಹನ್ನೊಂದು ವರ್ಷಗಳಿಂದ ನಾನು ಮಾಡಿರುವುದೂ ಅದನ್ನೇ.

ಈಗ ಕೇಳು. ಈ ತಿಂಗಳ ಹದಿನಾಲ್ಕರಂದು ಮಧ್ಯಾಹ್ನ, ಪಕ್ಕದ ತೋಟದ ಹಿಲ್‌ಟ್ರುಡ್ ಅಕ್ಕ ಚರ್ಚಿನ ಮುಂದೆ ನನ್ನನ್ನು ತಡೆದು ನಿಲ್ಲಿಸಿದಳು. “ಯಾಕೋ ವೋಲ್ಕ್‌ಮಾರ್, ಮಾವ ಅಳಿಯ ಇಬ್ರೂ ಗಡದ್ದಾಗಿ ನಿದ್ದೆ ಹೊಡೆದ್ರಾ? ಬೆಳಿಗ್ಗೆ ಮೈನಸ್ ಒಂಬತ್ತು ಇತ್ತು ಕಣೋ! ನಮ್ದೆಲ್ಲ ಕಿತ್ತು ಹಿಂಡಿಯೂ ಆಯ್ತು” ಎಂದಳು. ಅಂದು ನಿನ್ನಪ್ಪನ ಸರದಿ. ಐದು ಇದೆ ಎಂದು ಹೇಳಿ, ಏನೂ ಆಗದವರಂತೆ ತಿಂಡಿಗೆ ಕೂತಿದ್ದರು. ಕೊಯ್ಲು ಮುಗಿದರೆ ಅಳಿಯ ಕೈಬಿಟ್ಟು ಹೋಗುತ್ತಾನೆಂದು ವರ್ಷದ ಹಿಮದ ವೈನನ್ನೇ ಕಳೆದುಕೊಂಡರು. ಮರುದಿನವೇ ಬಿಸಿಗಾಳಿ, ಮಳೆ. ಮೂರು ಸಾಲು ಕೊಳೆತು ಉದುರಿದೆ. ಉಳಿದ ಒಂದು ಸಾಲಿಗಾಗಿ ಫೆಬ್ರವರಿ ಮುಗಿಯುವವರೆಗೂ ಕಾಯೋಣ ಎನ್ನುತ್ತಾರೆ.

ನಾನು ಹೇಗೆ ಬರಲಿ ಹೇಳು? ಕಿಟಕಿ ತೆರೆದರೆ ಎದುರಿಗೆ ಅದೇ ಇಳಿಜಾರು, ತಿರುಗಿದರೆ ನಿನ್ನಪ್ಪ. ನನ್ನ ಮೇಲೆ ಕೋಪ ಬೇಡ, ತಪ್ಪು ಯಾರದೆಂದು ಈಗ ನಿನಗೂ ಗೊತ್ತಾಯಿತು.

ನಿನ್ನವನೇ ಆದ,
ವೋಲ್ಕ್‌ಮಾರ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹದಿನಾಲ್ಕರ ಸರದಿ ನಿನ್ನಪ್ಪನದಲ್ಲ, ನನ್ನದು. ಥರ್ಮಾಮೀಟರ್ ಒಂಬತ್ತು ತೋರಿಸುತ್ತಿತ್ತು. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ, ಮೊದಲು ಕಲ್ಲು, ಆಮೇಲೆ ಜೇನು. ಓಡಿ ಬಂದು ನಿನ್ನಪ್ಪನ ಕೋಣೆಯ ಮುಂದೆ ನಿಂತೆ. ಬಾಗಿಲು ತಟ್ಟಿದ್ದರೆ ಅವತ್ತೇ ಸಂಜೆಯ ರೈಲಿಗೆ ನಿನ್ನ ಬಳಿ ಹೊರಡಬಹುದಿತ್ತು. ನನಗೆ ಭಯವಾಯಿತು ರೈನ್‌ಹಿಲ್ಡ್. ಇಲ್ಲಿ ಯಾವ ಬಳ್ಳಿಯ ಬುಡದಲ್ಲಿ ಯಾವ ಕಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಲ್ಲಿ ನಾನು ಅಡುಗೆಯವಳ ಗಂಡ, ಅಷ್ಟೇ. ತಟ್ಟಲಿಲ್ಲ.

ಮಾವ ಎದ್ದು ಬಂದು “ಎಷ್ಟಿತ್ತು?” ಎಂದರು. ಐದು ಎಂದೆ. ಕಿಟಕಿಯಾಚೆ ಹಿಲ್‌ಟ್ರುಡ್ ಅಕ್ಕನ ಕಡೆಯವರು ಹಾಡಿಕೊಂಡು ಹಿಮಗಟ್ಟಿದ ದ್ರಾಕ್ಷಿ ಇಳಿಸುತ್ತಿದ್ದರು. ಅವರನ್ನು ನೋಡಿದರು, ನನ್ನನ್ನು ನೋಡಿದರು. “ಐದಾ? ಹಂಗಾದ್ರೆ ಐದೇ ಬಿಡು” ಎಂದು ಹಂದಿಮಾಂಸದ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು. ಬಿಸಿಲು ಏರಲು ಇನ್ನೂ ಒಂದು ಗಂಟೆ ಇತ್ತು. ಇಬ್ಬರೂ ಏಳಲಿಲ್ಲ.