ತಾರಸಿಯ ನಾಲ್ಕು ನಟ್ಟುಗಳು

ಗಿಬಾರಾ, ಸೋಮವಾರ

ಅಪ್ಪಾ,

ಇಂದು ಬೆಳಿಗ್ಗೆ ನಮ್ಮ ತಾರಸಿಯ ಮೇಲೆ ಹೊಸ ಆಂಟೆನಾ ನಿಂತಿತು. ಚಿತ್ರ ಸ್ಪಷ್ಟವಾಗಿದೆ ಎಂದು ಕೆಳಗಿನಿಂದ ಕೂಗಿ ತಿಳಿಸಿದವಳು ಅಮ್ಮ. ನೀವು ತೀರಿಕೊಂಡ ಮೇಲೆ ಅವಳು ಟಿ.ವಿ. ಹಾಕಿದ್ದು ಇದೇ ಮೊದಲು.

ಆಂಟೆನಾದ ಕೊಳವೆ ನಿಲ್ಲಿಸಲು ಪಕ್ಕದ ಮನೆಯ ಅರ್ಸೇನಿಯೊ ಮಾಮ ಬಂದಿದ್ದರು. ತಂತಿಯ ಜೋಡಣೆಗೆ ನೀರು ಇಳಿಯದಂತೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆವು. ಉಪ್ಪುಗಾಳಿಗೆ ಕೊಳವೆಯ ಬುಡದ ನಾಲ್ಕು ನಟ್ಟುಗಳು ತುಕ್ಕು ಹಿಡಿಯಬಾರದೆಂದು ನಾನು ಡಾಂಬರಿನ ಡಬ್ಬಿ ತೆರೆದೆ. ಮಾಮ ನನ್ನ ಕೈ ಹಿಡಿದರು.

"ಏ ಮಾರಾಯ, ಗ್ರೀಸ್ ಹಚ್ಚು ಸಾಕು! ಚಂಡಮಾರುತ ಬಂದಾಗ ಇಳಿಸೋದು ಬೇಡ್ವಾ? ಹೋದ್ಸಲ ಯಾವ ಪುಣ್ಯಾತ್ಮ ಡಾಂಬರು ಮೆತ್ತಿದ್ನೋ, ನಿಮ್ಮಪ್ಪ ಅರ್ಧ ಗಂಟೆ ಸುತ್ತಿಗೇಲಿ ಬಡಿದ್ರೂ ಒಂದು ನಟ್ಟೂ ತಿರುಗ್ಲಿಲ್ಲ. ಬಿಟ್ಟು ಇಳಿಯೋ ಅಂತ ಕೂಗ್ದೆ. ಕೊನೆಗೆ ಗಾಳಿ ಅವನನ್ನ ಕೊಳವೆ ಸಮೇತ ಎತ್ತಿ ಬಿಸಾಕ್ತು."

ನಾನು ಡಬ್ಬಿ ಮುಚ್ಚಿದೆ. ನಾಲ್ಕೂ ನಟ್ಟುಗಳಿಗೆ ಗ್ರೀಸ್ ಹಚ್ಚಿ ಬಿಗಿದೆ, ಬಿಚ್ಚಿ ನೋಡಿದೆ, ಮತ್ತೆ ಬಿಗಿದೆ.

ಊಟಕ್ಕೆ ಅನ್ನ, ಕಪ್ಪು ಬೀನ್ಸ್ ಬಡಿಸುತ್ತ ಅಮ್ಮ, "ಹಳೇ ಆಂಟೆನಾನೂ ನೀನೇ ಅಲ್ವೇನೋ ಕೂರ್ಸಿದ್ದು? ಎಷ್ಟು ಗಟ್ಟಿಯಾಗಿತ್ತು!" ಎಂದಳು. ಹೌದು ಎಂದೆ. ಮಾಮ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹವಾನಾದಿಂದ ಬಂದ ಸಂಜೆಯ ವರದಿಯ ಪ್ರಕಾರ ಗುರುವಾರ ಮಧ್ಯಾಹ್ನ ಚಂಡಮಾರುತ ನಮ್ಮ ಕರಾವಳಿಯನ್ನು ತಲುಪಲಿದೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ನಾನು ಆಂಟೆನಾ ಇಳಿಸುತ್ತೇನೆ.