ಆರೂವರೆಯ ಸದ್ದು

ಪ್ರೀತಿಯ ಅತ್ತಿಗೆ,

ನೀವು ಕೊನೆಯದಾಗಿ ಇದ್ದ ಮನೆಯ ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅದೇ ಮೇಜು, ಒಂದು ಕಾಲು ಗಿಡ್ಡ. ನೀವು ಮಡಿಸಿ ತುರುಕಿದ್ದ ರಟ್ಟಿನ ಚೂರು ಈಗಲೂ ಅದರ ಕೆಳಗಿದೆ. ಕಿಟಕಿಯಾಚೆ ಸರೋವರ ಇದೆಯೆಂದು ನಂಬಿಕೊಳ್ಳಬೇಕು, ಮಂಜಿನಲ್ಲಿ ಏನೂ ಕಾಣುವುದಿಲ್ಲ. ಅಣ್ಣ ಹನ್ನೊಂದರ ಬಸ್ಸಿಗೆ ಬರುತ್ತಾನೆ. ಅವನಿಗೆ ಹೇಳಬೇಕಾದ ಒಂದು ಮಾತಿದೆ. ಅದನ್ನು ಮೊದಲು ನಿಮಗೆ ಹೇಳಿಕೊಳ್ಳದಿದ್ದರೆ ಅವನೆದುರು ನನಗೆ ಬಾಯಿ ಬರುವುದಿಲ್ಲ.

ಮೂರು ವರ್ಷದ ಹಿಂದೆ, ರಜೆಯ ನಾಲ್ಕನೆಯ ದಿನ, ನೀವು ಈ ಮನೆಯಿಂದ ಹೊರಗೆ ಹೋದಿರಿ. ಮತ್ತೆ ಸಿಗಲಿಲ್ಲ. ಕಾಲಿನ ಬೂಟು ನಿಮ್ಮ ಜೊತೆ ಹೋಗಿತ್ತು, ಫೋನು ಮಹಡಿಯ ಕೋಣೆಯಲ್ಲಿ ಉಳಿದಿತ್ತು. ಹುಡುಕಲು ಬಂದ ಅಧಿಕಾರಿ ನಮ್ಮ ಮೂವರನ್ನೂ ಸಾಲಾಗಿ ಕೂರಿಸಿ, ನಿಮ್ಮನ್ನು ಯಾರು ಕೊನೆಗೆ ನೋಡಿದ್ದು ಎಂದು ಕೇಳಿದ. ನೋಡಿದವರು ಯಾರೂ ಇರಲಿಲ್ಲ. ನಾನು ಮಾತ್ರ, ಆರೂವರೆಗೆ ನೀವು ಕಾಫಿ ಮಾಡಿಕೊಂಡ ಸದ್ದು ಕೇಳಿದೆ ಎಂದೆ. ಅವನು ಅದನ್ನು ಬರೆದುಕೊಂಡ. ಆ ಒಂದು ಸಾಲಿನ ಮೇಲೆ ಎಲ್ಲ ಹುಡುಕಾಟವೂ ನಡೆಯಿತು. ಆರೂವರೆಗೆ ಮನೆಯಲ್ಲಿದ್ದ ಹೆಂಗಸು ಎಷ್ಟು ದೂರ ನಡೆದಿರಬಹುದೆಂದು ಲೆಕ್ಕ ಹಾಕಿ ಕಾಲುದಾರಿಗಳನ್ನೆಲ್ಲ ಜಾಲಾಡಿದರು. ದೋಣಿ ಇಳಿಸಿದ್ದು ಮಾರನೆಯ ದಿನ. ಬೆಳಗಿನ ಜಾವದ ಬಸ್ಸಿನ ಚಾಲಕನನ್ನು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಅದು ಐದಕ್ಕೇ ಹೋಗಿಬಿಡುತ್ತದಲ್ಲ.

ಈ ಮನೆಯನ್ನು ನಾವು ನಾಲ್ವರು ಹದಿನಾಲ್ಕು ವರ್ಷ ವರ್ಷಕ್ಕೊಂದು ವಾರ ಬಾಡಿಗೆಗೆ ಹಿಡಿದೆವು. ನೀವು, ಅಣ್ಣ, ನಾನು, ನಮ್ಮವರು. ಅಣ್ಣನ ಗೊರಕೆಗೆ ಹೆದರಿ ರಜೆಯಲ್ಲಿ ಮಾತ್ರ ನೀವು ಮಹಡಿಯ ಚಿಕ್ಕ ಕೋಣೆ ಸೇರುತ್ತಿದ್ದಿರಿ. ವರ್ಷಕ್ಕೆ ಏಳು ದಿನದ ವಿಚ್ಛೇದನ ಎಂದು ನಗುತ್ತಿದ್ದಿರಿ. ಆಗೆಲ್ಲ ಇಲ್ಲಿದ್ದದ್ದು ಹಳೆಯ ಕಾಫಿ ಮೇಕರ್. ಮೇಲೆ ಕಾಗದದ ಜಾಲರಿಯಲ್ಲಿ ಪುಡಿ, ಕೆಳಗೆ ಬಿಸಿ ತಟ್ಟೆಯ ಮೇಲೆ ಹನ್ನೆರಡು ಗೆರೆಗಳ ಗಾಜಿನ ಜಗ್ಗು, ಪಕ್ಕದಲ್ಲಿ ಕೆಂಪು ದೀಪ. ತಲೆಗೆ ಎರಡು ಗೆರೆಯಂತೆ ನಾಲ್ವರಿಗೆ ಎಂಟು ಎಂದು ಕಟ್ಟಳೆ ಮಾಡಿದ್ದು ನೀವು. ಎಂಟು ಬೇಕಾದರೆ ಒಂಬತ್ತು ಹೊಯ್ಯಬೇಕು, ಒಂದು ಪಾಲು ನೀರು ಪುಡಿಯೇ ಕುಡಿದುಕೊಳ್ಳುತ್ತದೆ ಎಂದು ಕಲಿಸಿದ್ದೂ ನೀವು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಅಳತೆಯ ಗಾಜು ಹಿಡಿದ ಕೈ. ಗೆರೆ ಓದಲು ಮೊಣಕಾಲು ಬಗ್ಗಿಸಿ ಕಣ್ಣನ್ನು ಅದರ ಮಟ್ಟಕ್ಕೇ ತರುತ್ತಿದ್ದಿರಿ. ನಿಂತುಕೊಂಡು ನೋಡಿದವರ ಮಾತಿಗೆ ನಿಮ್ಮಲ್ಲಿ ಬೆಲೆಯಿರಲಿಲ್ಲ.

ಆರು ಗಂಟೆಗೆ ಎದ್ದು ಮಾಡುವವರು ನೀವು. ಆಮೇಲೆ ಒಬ್ಬೊಬ್ಬರೇ ಎದ್ದಂತೆ ಜಗ್ಗು ಇಳಿಯುತ್ತಿತ್ತು. ಆರರಲ್ಲಿದ್ದರೆ ನೀವೊಬ್ಬರೇ ಎದ್ದಿದ್ದೀರಿ. ನಾಲ್ಕಾದರೆ ನಾನೂ ಎದ್ದಿದ್ದೇನೆ. ತಳದ ಕಪ್ಪು ಕಷಾಯ ಯಾವಾಗಲೂ ನಮ್ಮವರ ಪಾಲು. ಒಂದು ಬೆಳಿಗ್ಗೆ ಇನ್ನೂ ನಾವಿಬ್ಬರೇ ಕೂತಿದ್ದಾಗ, ನಾನು ನನ್ನ ಪಾಲು ಬಗ್ಗಿಸಿಕೊಳ್ಳುವ ಮೊದಲೇ, ಅಣ್ಣ ಕಣ್ಣುಜ್ಜಿಕೊಂಡು, ಈಗ ತಾನೇ ಎದ್ದವನಂತೆ ಬಂದ. ನೀವು ಬಗ್ಗಿ ಜಗ್ಗು ನೋಡಿದಿರಿ. "ಆರು ಇರಬೇಕಿತ್ತು, ಐದಿದೆ. ಕಳ್ಳ ಯಾರು ಅಂತ ನಾನು ಹೇಳಲ್ಲಪ್ಪ. ಮೀಸೇನೇ ಹೇಳ್ತಿದೆ." ಅಣ್ಣ ಮೀಸೆ ಒರೆಸಿಕೊಂಡ. ಅದನ್ನು ಹೇಳಿ ಹೇಳಿ ಎಷ್ಟು ವರ್ಷ ನಕ್ಕೆವು.

ಆ ಕೊನೆಯ ವರ್ಷ ಬಂದಾಗ ಜಗ್ಗು ಇರಲಿಲ್ಲ. ಬಂದವರೆಲ್ಲ ಇದನ್ನೇ ಕೇಳುತ್ತಾರೆಂದು ಮಾಲೀಕ ಒಂದೊಂದೇ ಕಪ್ಪು ಮಾಡುವ ಹೊಸ ಯಂತ್ರ ತಂದಿಟ್ಟಿದ್ದ. ಪಕ್ಕದ ಬುಟ್ಟಿಯಲ್ಲಿ ಬಣ್ಣಬಣ್ಣದ ಕ್ಯಾಪ್ಸೂಲುಗಳು. ಒಂದನ್ನು ಒಳಗಿಟ್ಟು ಗುಂಡಿ ಒತ್ತಿದರೆ ಗುರ್ರೆಂದು ಒಂದು ಕಪ್ಪು ಬಂದು ನಿಂತುಬಿಡುತ್ತದೆ. ನಮಗೆ ಮೂವರಿಗೂ ಖುಷಿಯೋ ಖುಷಿ. ಅಣ್ಣನಿಗೆ ತಿಳಿ, ನಮ್ಮವರಿಗೆ ಕಡು, ನನಗೆ ಹಾಲಿನದು. ಯಾರ ಹಂಗೂ ಇಲ್ಲ. ನೀವು ಮಾತ್ರ ಸೊಂಟಕ್ಕೆ ಕೈಯಿಟ್ಟು ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಿರಿ. "ಚೆನ್ನಾಗಿದೆ. ಆದ್ರೆ ಇದರಲ್ಲಿ ಯಾರು ಎದ್ದಿದ್ದಾರೆ, ಯಾರು ಎದ್ದಿಲ್ಲ ಅಂತ ಗೊತ್ತಾಗೋದು ಹೇಗೆ?" ನಾನು, ಎದ್ದವರು ಕಣ್ಣಿಗೆ ಕಾಣುತ್ತಾರಲ್ಲ ಎಂದೆ. ನೀವು ನನ್ನನ್ನು ನೋಡಿ, "ಕಾಣ್ತಾರಾ, ಪಂಡಿತೆ?" ಎಂದಿರಿ.

ಕಾಣಲಿಲ್ಲ ಅತ್ತಿಗೆ. ನಮ್ಮ ನಮ್ಮ ಕಪ್ಪು ಹಿಡಿದು ಅಣ್ಣ ಹೊರಗಿನ ಹಲಗೆಯ ಜಗುಲಿಗೆ ಹೋದ, ನಮ್ಮವರು ಟೀವಿಯ ಮುಂದೆ ಕೂತರು, ನಾನು ಕವಿತೆಯ ಪುಸ್ತಕ ಹಿಡಿದು ಹಾಸಿಗೆಗೇ ಮರಳಿದೆ. ನಾಲ್ಕನೆಯ ದಿನ ನೀವು ಮನೆಯಲ್ಲಿಲ್ಲವೆಂದು ನಮಗೆ ತಿಳಿದದ್ದು ಹನ್ನೊಂದೂಕಾಲಿಗೆ. ಜಗ್ಗು ಇದ್ದಿದ್ದರೆ, ಅದು ಖಾಲಿಯಿರುವುದನ್ನು ನೋಡಿ ಏಳೂವರೆಗೇ ಮನೆಯೆಲ್ಲ ಎದ್ದು ನಿಲ್ಲುತ್ತಿತ್ತು.

ಅಣ್ಣ ಈ ಮೂರು ವರ್ಷ ನನ್ನ ಸಾಕ್ಷಿಯನ್ನೇ ಹಿಡಿದು ಬದುಕಿದ್ದಾನೆ. ಊಟದ ಮಧ್ಯೆ ಇದ್ದಕ್ಕಿದ್ದಂತೆ ಕೇಳುತ್ತಾನೆ, "ಆರೂವರೆಗೆ ಕೇಳಿಸಿತ್ತಲ್ವಾ?" ಹೂಂ ಎನ್ನುತ್ತೇನೆ. "ಬಿಸಿಬಿಸಿಯಾಗಿ ಒಂದು ಕಪ್ ಕುಡಿದೇ ಹೋದ್ಳು. ಅಷ್ಟಾಯ್ತಲ್ಲ," ಎಂದು ತುತ್ತು ನುಂಗುತ್ತಾನೆ. ಹೋದ ತಿಂಗಳು ಹೊಸದೊಂದು ಶುರುವಾಯಿತು. ನೀವು ಕೊನೆಯ ಕಪ್ಪು ಕುಡಿದ ಜಾಗದಲ್ಲಿ ಕೂತು, ಅದೇ ಯಂತ್ರದಿಂದ ತಾನೂ ಒಂದು ಕಪ್ಪು ಕುಡಿಯಬೇಕಂತೆ. ಅವನೊಬ್ಬನೇ ಬರುವುದು ಬೇಡವೆಂದು ನಾನು ಎರಡು ದಿನ ಮೊದಲೇ ಬಂದೆ.

ನಿನ್ನೆ ಬೆಳಿಗ್ಗೆ, ಇಲ್ಲಿಗೆ ಬಂದ ಮೊದಲ ಬೆಳಿಗ್ಗೆ, ನಾನು ಹಾಸಿಗೆಯಲ್ಲಿ ಎಚ್ಚರವಾಗಿದ್ದೆ. ಮನೆಯಲ್ಲಿ ನಾನೊಬ್ಬಳೇ. ಬಾಗಿಲಿನ ಚಿಲಕ ನಾನೇ ಹಾಕಿದ್ದೆ. ಆಗ ಅಡುಗೆಮನೆಯಲ್ಲಿ ಯಂತ್ರ ಗುರ್ರೆಂದಿತು. ನಿಂತಿತು. ಮತ್ತೊಮ್ಮೆ ಗುರ್ರೆಂದು, ಕಪ್ಪಿಗೆ ಸಣ್ಣ ಧಾರೆ ಬೀಳುವ ಸದ್ದಾಯಿತು. ಗಡಿಯಾರ ನೋಡಿದೆ. ಆರೂವರೆ.

ನಾನು ಏಳಲಿಲ್ಲ. ಎಷ್ಟು ಹೊತ್ತು ಹಾಗೇ ಬಿದ್ದಿದ್ದೆನೋ. ಕೊನೆಗೆ ಎದ್ದು ಬಂದು ನೋಡಿದರೆ ಯಾರೂ ಇಲ್ಲ. ಕೊಳವೆಯ ಕೆಳಗೆ ಒಂದು ಬಿಳಿ ಕಪ್ಪು. ತಳದಲ್ಲಿ ಎರಡು ಬೆರಳು ನೀರು, ಇನ್ನೂ ಬೆಚ್ಚಗಿತ್ತು. ಆ ನೀರನ್ನು ನಾನು ಮೊದಲೇ ನೋಡಿದ್ದೆ ಅತ್ತಿಗೆ. ಆ ದಿನ ಬೆಳಿಗ್ಗೆ ಉಳಿದವರಿಗಿಂತ ಮೊದಲು ನಾನು ಕಾಫಿಗೆ ಬಂದಾಗಲೂ ಇದೇ ಜಾಗದಲ್ಲಿ ಇಂಥದ್ದೇ ಕಪ್ಪಿನಲ್ಲಿ ಇಷ್ಟೇ ನೀರಿತ್ತು. ಕುಡಿದು, ತೊಳೆದು ಇಟ್ಟು ಹೋಗಿದ್ದೀರಿ ಎಂದುಕೊಂಡು ಅದನ್ನು ಚೆಲ್ಲಿ ಒರೆಸಿಟ್ಟಿದ್ದೆ.

ಒಂಬತ್ತಕ್ಕೆ ಮನೆ ನೋಡಿಕೊಳ್ಳುವ ಹೆಂಗಸು ಹಾಸಿಗೆಯ ಬಟ್ಟೆ ಹೊತ್ತು ಬಂದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳಿಗೆ ನಗು. "ಅಯ್ಯೋ, ಅದಾ? ಅದು ಆನ್ ಆದ ಕೂಡ್ಲೇ ತಾನೇ ಬಾಯಿ ಮುಕ್ಕಳಿಸುತ್ತೆ ಮೇಡಂ. ದಿನಾ ಆರೂವರೆಗೆ ಆನ್ ಆಗ್ಲಿ ಅಂತ ಟೈಮಿಗೆ ಹಾಕಿದ್ದಾರೆ. ಕಪ್ ಇಡದಿದ್ರೆ ನೀರು ಚೆಲ್ಲಿ ಹಲಗೆ ಊದ್ಕೊಳ್ಳುತ್ತೆ, ಅದಕ್ಕೇ ನಾನೊಂದು ಇಟ್ಟು ಹೋಗ್ತೀನಿ." ಯಾವಾಗಿನಿಂದ ಎಂದು ಕೇಳಿದೆ. ತಂದ ದಿನದಿಂದ ಎಂದಳು. ಆಮೇಲೆ ಅವಳ ನಗು ತಾನಾಗಿ ನಿಂತಿತು. ಆಗ ಬಂದವಳೂ ನಾನೇ ಎಂಬುದು ಅವಳಿಗೂ ನೆನಪಾಗಿರಬೇಕು. ದಿಂಬಿನ ಚೀಲದ ಮೂಲೆ ಎಳೆಯುತ್ತಾ, "ಅಮ್ಮಾವ್ರನ್ನ ನೋಡಿದ್ಯಾ ಅಂತ ಕೇಳಿದ್ರು, ಇಲ್ಲ ಅಂದೆ. ಮೆಷಿನ್ ವಿಷಯ ನನ್ನ ಯಾರೂ ಕೇಳ್ಲಿಲ್ಲ," ಎಂದಳು.

ಮೊದಲ ಮೂರು ಬೆಳಿಗ್ಗೆಯೂ ಅದೇ ಸದ್ದು ಕೇಳಿ, ಅತ್ತಿಗೆ ಎದ್ದರು ಎಂದು ಮಗ್ಗುಲು ಬದಲಿಸಿದ್ದೆವು. ನೀವು ಆ ಯಂತ್ರದಿಂದ ಒಂದೇ ಒಂದು ಕಪ್ಪನ್ನಾದರೂ ಕುಡಿದಿರಾ? ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನಿಮ್ಮ ಕೈಯಲ್ಲಿ ಕಪ್ಪು ಕಾಣುವುದೇ ಇಲ್ಲ. ಮೂರು ದಿನ ನಾವು ನಿಮ್ಮ ಜೊತೆ ಇದ್ದೇವೆಂದುಕೊಂಡು ಒಂದು ಸದ್ದಿನ ಜೊತೆ ಇದ್ದೆವು.

ಇನ್ನು, ಅಣ್ಣನಿಗೂ ನಮ್ಮವರಿಗೂ ಹೇಳದ ಮಾತು. ಹಿಂದಿನ ಸಂಜೆ ನೀವು ಬಟ್ಟೆ ಮಡಿಸುತ್ತಾ, ನಾಳೆ ಬೆಳಿಗ್ಗೆ ನನ್ನ ಜೊತೆ ನೀರಿನವರೆಗೆ ಬರುತ್ತೀಯಾ, ಸ್ವಲ್ಪ ಮಾತಾಡಬೇಕು ಎಂದಿರಿ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಎಚ್ಚರವಾದರೆ ನೋಡೋಣ ಅತ್ತಿಗೆ ಎಂದೆ. ನೀವು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ನನಗೆ ಎಚ್ಚರವಾಗಿತ್ತು. ಯಂತ್ರ ಗುರ್ರೆಂದಾಗ ನೀವು ಕೆಳಗೆ ನನಗಾಗಿ ಕಾಯುತ್ತಿದ್ದೀರಿ ಎಂದುಕೊಂಡು, ಮೈಗಳ್ಳತನಕ್ಕೆ ಉಸಿರು ಸದ್ದಾಗದಂತೆ ಕಣ್ಣು ಮುಚ್ಚಿ ಮಲಗಿದೆ. ಕರೆಯಲಿಲ್ಲವಲ್ಲ, ಪುಣ್ಯಾತ್ಗಿತ್ತಿ, ಹೊರಟುಹೋದರು ಎಂದು ಹಗುರಾದೆ. ಆ ಹೊತ್ತು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನಾನು ಯಾರೂ ಇಲ್ಲದ ಕೋಣೆಯಿಂದ ಅಡಗಿಕೊಂಡಿದ್ದೆ. ನೀವು ಅಷ್ಟರಲ್ಲಿ ಎಷ್ಟು ದೂರ ಹೋಗಿದ್ದಿರಿ? ಕತ್ತಲಿರುವಾಗಲೇ ನನ್ನ ಬಾಗಿಲವರೆಗೆ ಬಂದು ನಿಂತು ಹೋದಿರಾ? ನನಗೆ ಗೊತ್ತಿಲ್ಲ. ಗೊತ್ತಿರುವವಳಂತೆ ಮೂರು ವರ್ಷ ಮಾತಾಡಿದ್ದೇನೆ.

ನಿನ್ನೆ ಆ ಹೆಂಗಸನ್ನು ಕೇಳಿಕೊಂಡು ಉಗ್ರಾಣದಿಂದ ಹಳೆಯ ಕಾಫಿ ಮೇಕರನ್ನೂ ಅದರ ಜಗ್ಗನ್ನೂ ತರಿಸಿದೆ. ಗಾಜು ಬಿರುಕು ಬಿಟ್ಟಿರಲಿಲ್ಲ. ಎಂಟರ ಹತ್ತಿರ ನೀವು ಉಗುರಿಗೆ ಹಚ್ಚುವ ಬಣ್ಣದಿಂದ ಇಟ್ಟಿದ್ದ ಕೆಂಪು ಚುಕ್ಕೆ ಹಾಗೇ ಇದೆ. ಹೊಸ ಯಂತ್ರದ ಪ್ಲಗ್ಗು ಕಿತ್ತು, ಅದನ್ನು ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿದೆ. ಇವತ್ತು ಆರಕ್ಕೆ ಎದ್ದೆ. ಅಣ್ಣನಿಗೂ ನನಗೂ ಮಾಡಿದ್ದರೆ ಸಾಕಾಗಿತ್ತು, ಕೈ ಮಾತ್ರ ಒಂಬತ್ತು ಹೊಯ್ದಿತು. ಎಂಟಕ್ಕೆ ಇಳಿಯಿತು. ಎರಡು ಗೆರೆ ಕುಡಿದು, ಆರು ಉಳಿಸಿ, ದೋಣಿಕಟ್ಟೆಯವರೆಗೆ ಹೋದೆ. ನೀವು ಕರೆದಿದ್ದ ಜಾಗಕ್ಕೆ. ಹಲಗೆಗಳು ಒದ್ದೆಯಾಗಿದ್ದವು. ನೀರು ಅಲುಗಾಡುತ್ತಿರಲಿಲ್ಲ. ಸ್ವಲ್ಪ ಮಾತಾಡಿದೆ. ಇಪ್ಪತ್ತು ನಿಮಿಷವಾಗಿರಬಹುದು. ವಾಪಸ್ಸು ಬಂದು ಬೀಗ ತೆಗೆದೆ.

ಜಗ್ಗು ಐದರಲ್ಲಿತ್ತು.

ಮೊಣಕಾಲು ಬಗ್ಗಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಐದು. ಬಿಸಿ ತಟ್ಟೆಯ ಮೇಲೆ ಒಂದಿಷ್ಟು ಆವಿಯಾಗುತ್ತದೆ, ನಿಜ. ಇಪ್ಪತ್ತು ನಿಮಿಷಕ್ಕೆ ಒಂದು ಗೆರೆಯಷ್ಟು ಆಗುತ್ತದೆಯೇ ಎಂದು ನಿಮ್ಮನ್ನೇ ಕೇಳಬೇಕು. ಆ ಹೆಂಗಸು ಬರುವುದು ಒಂಬತ್ತಕ್ಕೆ. ಮೀಸೆಯ ಕಳ್ಳ ಇನ್ನೂ ಬಸ್ಸಿನಲ್ಲಿದ್ದಾನೆ. ಕಪ್ಪುಗಳನ್ನು ಎಣಿಸಿದೆ. ಎಲ್ಲವೂ ಒಣಗಿದ್ದವು, ನನ್ನದೊಂದು ಬಿಟ್ಟು.

ಅಣ್ಣನಿಗೆ ಇದನ್ನು ಹೇಳಿದರೆ ಅವನಿಗೆ ಇನ್ನೊಂದು ಮೂರು ವರ್ಷಕ್ಕೆ ಸಾಕು. ಬಂದಿದ್ದಳು, ಒಂದು ಕಪ್ ಕುಡಿದು ಹೋದ್ಳು ಎಂದು ತುತ್ತು ನುಂಗುತ್ತಾನೆ. ಹೇಳುವುದಿಲ್ಲ ಅತ್ತಿಗೆ. ಒಂದು ಸದ್ದನ್ನು ಹಿಡಿದು ಒಮ್ಮೆ ಸಾಕ್ಷಿ ಹೇಳಿದವಳು, ಒಂದು ಗೆರೆಯನ್ನು ಹಿಡಿದು ಮತ್ತೆ ಹೇಳಬಾರದು. ಕಪಾಟಿನಿಂದ ಯಂತ್ರ ತೆಗೆದು ಅವನೆದುರಿಗಿಟ್ಟು, ಪ್ಲಗ್ಗು ಹಾಕಿ, ಅದು ಬಾಯಿ ಮುಕ್ಕಳಿಸುವುದನ್ನು ಕೇಳಿಸುತ್ತೇನೆ. ನಾನು ಎಚ್ಚರವಾಗಿದ್ದೆ, ಏಳಲಿಲ್ಲ ಎನ್ನುತ್ತೇನೆ. ಬೈಯಲಿ. ಮಾತು ಬಿಟ್ಟರೆ ಬಿಡಲಿ. ಐದರ ಬಸ್ಸಿನ ಚಾಲಕ ಇನ್ನೂ ಅದೇ ಮನುಷ್ಯನಂತೆ. ಮಧ್ಯಾಹ್ನ ಇಬ್ಬರೂ ಹೋಗಿ ಕೇಳುತ್ತೇವೆ. ಅವನೂ ಏನೂ ನೋಡಿಲ್ಲ ಎನ್ನಬಹುದು. ಆಗ ಉಳಿಯುವುದು ಈ ಸರೋವರದ ನೀರೊಂದೇ. ಅದನ್ನೂ ಅಣ್ಣ ತಿಳಿಯಬೇಕು.

ಜಗ್ಗನ್ನು ತೊಳೆದಿಡಲು ಕೈ ಬರಲಿಲ್ಲ. ಕೆಂಪು ದೀಪ ಉರಿಯುತ್ತಿದೆ, ನಾನು ಅದಕ್ಕೆ ಬೆನ್ನು ಹಾಕಿ ಕೂತು ಬರೆಯುತ್ತಿದ್ದೇನೆ. ಗೆರೆ ಎಷ್ಟರಲ್ಲಿದೆಯೆಂದು ತಿರುಗಿ ನೋಡುವುದಿಲ್ಲ. ಉಳಿದದ್ದು ನಿಮಗೆಂದೇ ಇದೆ, ಅವಸರವಿಲ್ಲ.

ಹೊರಗಿನ ಜಗುಲಿಯ ಹಲಗೆ ಕಿರುಗುಟ್ಟಿತು. ಗಡಿಯಾರದಲ್ಲಿ ಹತ್ತೂ ಹತ್ತು, ಅಣ್ಣನ ಬಸ್ಸಿಗೆ ಇನ್ನೂ ಹೊತ್ತಿದೆ. ಒದ್ದೆ ಮರ ಒಣಗುವಾಗ ಹಾಗಾಗುತ್ತದೆ. ಮತ್ತೆ ಕಿರುಗುಟ್ಟಿತು, ಈ ಸಲ ಬಾಗಿಲ ಹತ್ತಿರ. ಸದ್ದು ಕೇಳಿ ಇಂಥವರೇ ಎಂದುಕೊಂಡು ಕೂತಿರುವ ಹೆಂಗಸು ನಾನಲ್ಲ ಇನ್ನು. ಪೆನ್ನು ಕೆಳಗಿಡುತ್ತೇನೆ. ಎದ್ದು ಹೋಗಿ ನೋಡುತ್ತೇನೆ.

ಎಲ್ಲಿದ್ದರೂ ನಿಮ್ಮ ಕೈಗಳು ಬೆಚ್ಚಗಿರಲಿ.

ತಡವಾಗಿ ಎದ್ದ,
ನಿಮ್ಮ ಪಂಡಿತೆ