ಮೂರು ಒದೆ

ಲೋ ಕುಳ್ಳ,

ನಿನ್ನ ವಿಳಾಸ ನಿಮ್ಮಕ್ಕನ ಹತ್ತಿರ ಇದೆ. ನಾನು ಕೇಳಿಲ್ಲ.

ಇವತ್ತು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಸೈಕಲ್ ದಾರಿಗೆ ಅಡ್ಡ ನಿಲ್ಲಿಸಿದ್ದ ಕಾರಿನ ಕನ್ನಡಿಯನ್ನು ಬೀಗದ ಸರಪಳಿಯಿಂದ ಪುಡಿ ಮಾಡಿದೆ. ದಿನವೂ ಆ ಕಾರಿನಿಂದಾಗಿ ನಾವು ಬಸ್ಸಿಗೆ ಮೈ ಉಜ್ಜಿಕೊಂಡು ಹೋಗಬೇಕು. ಒಡೆದ ಸದ್ದಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಸೈಕಲ್ ತುಳಿದು ಮುಂದೆ ಹೋದವನು ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಕಾರಿನವನು ನನ್ನ ಹಿಂದೆಯೇ ಬರುತ್ತಿದ್ದ ನಮ್ಮ ಬೀದಿಯ ದರ್ಜಿಯನ್ನು ಸೈಕಲ್ಲಿನಿಂದ ಎಳೆದು ಕೆಡವಿ ಮುಖಕ್ಕೆ ಒದೆಯುತ್ತಿದ್ದ. ಮೂರು ಒದೆ ಬೀಳುವವರೆಗೆ ನಾನು ನಿಂತೇ ಇದ್ದೆ. ಆಮೇಲೆ ಓಡಿಹೋಗಿ, "ಬಿಡ್ರೀ ಅವ್ರನ್ನ, ಒಡೆದಿದ್ದು ನಾನು" ಅಂದೆ. ಅವನು ಅದೇ ಸರಪಳಿ ಕಿತ್ತುಕೊಂಡು ನನ್ನ ಬಲಗೈಯ ಎರಡು ಬೆರಳು ಮುರಿದ. ಇದು ಎಡಗೈ ಅಕ್ಷರ.

ಆಸ್ಪತ್ರೆಯ ಬೆಂಚಿನ ಮೇಲೆ ದರ್ಜಿ ಬಾಯಿಯ ರಕ್ತ ಒರೆಸಿಕೊಳ್ಳುತ್ತಾ, "ಒಪ್ಕೊಳ್ಳೋನು ಸ್ವಲ್ಪ ಬೇಗ ಒಪ್ಕೋಬಾರ್ದಿತ್ತೇನಪ್ಪ? ಎರಡು ಹಲ್ಲಾದ್ರೂ ಉಳೀತಿತ್ತು" ಅಂದರು.

ಹೆಡ್‌ಮಾಸ್ಟರರ ಬೈಕಿನ ಸೀಟು ನಾನು ಕೊಯ್ದಿದ್ದಕ್ಕೆ ನಿನ್ನನ್ನು ಬಡಿದು ಶಾಲೆಯಿಂದ ಹೊರಗೆ ಹಾಕಿದ ದಿನ, ನಾನು ಅವರ ಕೋಣೆಯ ಬಾಗಿಲ ಹೊರಗೇ ಇದ್ದೆ. ನೀನು ನನ್ನನ್ನು ನೋಡಿದೆ. ಮರುದಿನದಿಂದ ನಾನೂ ಶಾಲೆಗೆ ಹೋಗಲಿಲ್ಲ. ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.